ಬಿಚ್ಚುವುದು ಸುಲಭ, ಕಟ್ಟುವುದು?

ಜಾನ್ ಹೇಯ್ನ್ಸ್ ಇಂಗ್ಲೆಂಡಿನಲ್ಲಿ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಹಳೇ ಆಸ್ಟಿನ್ ಸೆವೆನ್ ಒಂದನ್ನು ಕಳಚಿ ಪುಟ್ಟ ಸ್ಪೋರ್ಟ್ಸ್ ಕಾರು ಮಾಡಿಕೊಂಡವನು. 1965ರಲ್ಲಿ ವಾಯುಪಡೆಯ ಕೆಲಸದ ಮೇಲೆ ಏಡನ್‌ನಲ್ಲಿದ್ದಾಗ ಗೆಳೆಯನ ಸ್ಪ್ರೈಟ್ ಕಾರಿನ ಇಂಜಿನ್‌ಗೆ ಕೈಹಾಕಿದ. ಕಂಪನಿಯ ಕೈಪಿಡಿ ಸಾಮಾನ್ಯರಿಗೆ ದಕ್ಕುವಂಥದ್ದಾಗಿರಲಿಲ್ಲ. ಬಿಚ್ಚುತ್ತ, ಮತ್ತೆ ಕಟ್ಟುತ್ತ ಹಂತಹಂತಕ್ಕೂ ಫೋಟೊ ತೆಗೆದ. ಮರುವರ್ಷ ಅದೇ ಮೊದಲ ಹೇಯ್ನ್ಸ್ ಮ್ಯಾನ್ಯುಯಲ್ ಆಗಿ ಹೊರಬಂತು. ಮನೆಯ ಶೆಡ್ಡಿನಲ್ಲೇ ಇಂಜಿನ್ ರಿಪೇರಿ ಮಾಡುವ ಹವ್ಯಾಸಕ್ಕೆ ಈ ಸರಣಿಯೇ ಪಠ್ಯಪುಸ್ತಕವಾಯಿತು.

ಮೆಚ್ಚಬೇಕಾದ್ದು ಇದರ ಪ್ರಾಮಾಣಿಕತೆ. ಯಾರೋ ನಿಜಕ್ಕೂ ಕಾರನ್ನು ಬಿಚ್ಚಿದ್ದಾರೆ, ಚಿತ್ರಗಳಲ್ಲಿ ಗ್ರೀಸ್ ಮೆತ್ತಿದ ಕೈಗಳಿವೆ. ಕೆಲಸ ಎಷ್ಟು ಕಷ್ಟ ಎಂಬುದಕ್ಕೆ ಒಂದರಿಂದ ಐದು ಸ್ಪ್ಯಾನರ್‌ಗಳ ಗುರುತೂ ಇದೆ. ಏರ್ ಫಿಲ್ಟರ್, ಫ್ಯಾನ್ ಬೆಲ್ಟ್, ಸ್ಪಾರ್ಕ್ ಪ್ಲಗ್ ಬದಲಿಸುವವರಿಗೆ ಇಷ್ಟು ಧಾರಾಳ ಸಾಕು.

ತಕರಾರಿರುವುದು ಬೇರೆ ಕಡೆ. ಬಿಚ್ಚುವ ವಿವರಕ್ಕೆ ಪುಟಗಟ್ಟಲೆ ಮೀಸಲಿಡುವ ಈ ಪುಸ್ತಕಗಳು, ಜೋಡಿಸುವ ಕಡೆ ಬಂದಾಗ ಅದೇ ಕ್ರಮವನ್ನು ಹಿಂದುಮುಂದು ಮಾಡಿ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿಬಿಡುವುದುಂಟು. ಬಿಚ್ಚುವಾಗ ತೋಳಿನ ಬಲ ಸಾಕು, ಕಟ್ಟುವಾಗ ಅಳತೆ ಬೇಕು. ಅಲ್ಯೂಮಿನಿಯಂ ಹೆಡ್‌ಗೆ ಪ್ಲಗ್ಗನ್ನು ಸ್ವಲ್ಪ ಹೆಚ್ಚು ಬಿಗಿದರೂ ಥ್ರೆಡ್ ಹಾಳು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್ ಹಿಡಿದೇ ಬಿಗಿಯಬೇಕು. ಈಚಿನ ಎಷ್ಟೋ ಇಂಜಿನ್‌ಗಳಲ್ಲಿ ಆ ಬೋಲ್ಟುಗಳು ಬಿಗಿದಾಗ ಹಿಗ್ಗುವ ಜಾತಿಯವು, ತೆಗೆದ ಮೇಲೆ ಹೊಸದೇ ಹಾಕಬೇಕು. ಪಿಸ್ಟನ್ ರಿಂಗುಗಳ ಬಾಯಿ ಒಂದರ ಕೆಳಗೊಂದು ಬರಕೂಡದು. ಬೇರಿಂಗ್‌ಗೂ ಶಾಫ್ಟಿಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಅದನ್ನು ನೋಡಲು ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆ ಸಿಗುತ್ತದೆ. ಎಳೆಯಿಟ್ಟು ಕ್ಯಾಪ್ ಬಿಗಿದು ಮತ್ತೆ ತೆಗೆದು, ಅದು ಎಷ್ಟು ಅಗಲವಾಗಿ ಚಪ್ಪಟೆಯಾಗಿದೆ ಎಂದು ಪಟ್ಟಿಯ ಜೊತೆ ಹೋಲಿಸಿ ನೋಡಬೇಕು. ಸಿಲಿಂಡರ್ ಸವೆದಿದ್ದರಂತೂ ಲೇತ್ ಅಂಗಡಿಯಲ್ಲಿ ಬೋರಿಂಗ್ ಮಾಡಿಸದೆ ದಾರಿಯಿಲ್ಲ. ‘ಮನೆಯಲ್ಲೇ’ ಎನ್ನುವ ಮಾತು ಅಲ್ಲಿಗೆ ನಿಂತಿತು.

ಬ್ರಿಟನ್ನಿನಲ್ಲಿ ಈ ಹವ್ಯಾಸ ಬೆಳೆಯಲು ಗ್ಯಾರೇಜಿನ ಕೂಲಿಯೂ ಕಾರಣ. ನಮ್ಮಲ್ಲಿ ಲೆಕ್ಕವೇ ಬೇರೆ. ಮೂರು ಸಿಲಿಂಡರಿನ 796 ಸಿಸಿ ಇಂಜಿನ್‌ನೊಂದಿಗೆ 1983ರಲ್ಲಿ ರಸ್ತೆಗಿಳಿದ ಮಾರುತಿ 800ನ್ನು ಬೀದಿಬದಿಯ ಮೆಕ್ಯಾನಿಕ್ ಕಣ್ಣುಮುಚ್ಚಿ ಬಿಚ್ಚಬಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅದರ ಬಿಡಿಭಾಗ ಹುಡುಕುವುದು ಕಷ್ಟವೂ ಅಲ್ಲ. ಅವನ ಕೂಲಿ ಉಳಿಸಲು ಟಾರ್ಕ್ ರೆಂಚ್, ಜಾಕ್ ಸ್ಟ್ಯಾಂಡ್, ಕಂಪ್ರೆಷನ್ ಗೇಜ್ ಕೊಂಡವನಿಗೆ ಉಳಿಯುವುದು ಹವ್ಯಾಸವೇ ಹೊರತು ಹಣವಲ್ಲ. (ಜಾಕ್ ಒಂದನ್ನೇ ನಂಬಿ ಕಾರಿನಡಿ ನುಸುಳುವವನಿಗೆ ಅದೂ ಉಳಿಯಲಿಕ್ಕಿಲ್ಲ.)

ಇನ್ನೊಂದು ದೋಷ ಪುಸ್ತಕದ ಜೋಡಣೆಯಲ್ಲೇ ಇದೆ. ಏನು ಕೆಟ್ಟಿದೆ ಎಂದು ಪತ್ತೆಹಚ್ಚುವ ಭಾಗವನ್ನು ಅದು ಕೊನೆಯ ಪುಟಗಳಿಗೆ ತಳ್ಳುತ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡ ತಕ್ಷಣ ರಿಂಗ್ ಸೆಟ್ ತರಲು ಹೊರಡುವವರೇ ಹೆಚ್ಚು. ಮೊದಲು ಪ್ಲಗ್ ತೆಗೆದು ಗೇಜ್ ಹಾಕಿ ಕಂಪ್ರೆಷನ್ ನೋಡಬೇಕು, ಆಮೇಲೆ ಅದೇ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಎರಡನೇ ಸಲ ಮುಳ್ಳು ಚೆನ್ನಾಗಿ ಮೇಲೇರಿದರೆ ಸವೆದದ್ದು ರಿಂಗು ಅಥವಾ ಬೋರು. ಮೊದಲ ಸಲವೇ ಕಂಪ್ರೆಷನ್ ಸರಿಯಿದ್ದು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮತ್ತು ಘಟ್ಟ ಇಳಿದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಹೊಗೆ ಬರುತ್ತಿದ್ದರೆ, ಅನುಮಾನ ಪಡಬೇಕಾದ್ದು ವಾಲ್ವಿನ ಕಾಂಡವನ್ನು ಸುತ್ತಿ ಕೂತ ಬೆರಳ ತುದಿಯಷ್ಟು ರಬ್ಬರ್ ಸೀಲಿನ ಮೇಲೆ.