‘ದ್ವೈತ’ ಶಬ್ದದ ಅರ್ಥವಿಚಾರ

‘ಡ್ಯೂಯಲಿಸಂ’ ಎಂಬ ಪಾಶ್ಚಾತ್ಯ ಪರಿಭಾಷೆಗೆ ‘ದ್ವೈತ’ವೆಂದು ಬರೆದು ತೃಪ್ತರಾಗುವ ರೂಢಿಯನ್ನು ನಾವು ಒಪ್ಪಲಾರೆವು. ಎರಡೆಂದರೆ ಯಾವ ಎರಡು, ಅವು ಸಮಾನವೇ ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ. 1700ರಲ್ಲಿ ಥಾಮಸ್ ಹೈಡನು ಈ ಪರಿಭಾಷೆಯನ್ನು ಬಳಸಿದ್ದು ಪ್ರಾಚೀನ ಪಾರಸೀಕರ ಮತವನ್ನು ಕುರಿತು. ಅಲ್ಲಿಯ ವಿಷಯ ಒಳಿತು ಕೆಡುಕುಗಳ ಇದಿರಾಟ. ಡೇಕಾರ್ಟನದು ಮನಸ್ಸು ದೇಹಗಳ ಭೇದ. ಸಾಂಖ್ಯರಿಗಾದರೋ ಮನಸ್ಸೂ ಬುದ್ಧಿಯೂ ಪ್ರಕೃತಿಯ ವಿಕಾರಗಳೇ. ಪುರುಷನು ಅವೆರಡಕ್ಕೂ ಬೇರೆ. ಡೇಕಾರ್ಟನ ಗೆರೆಯನ್ನು ಇಲ್ಲಿ ಎಳೆಯಬರುವುದಿಲ್ಲ.

ಮಧ್ವಾಚಾರ್ಯರಿಗೆ ಆಗಿರುವ ಅನ್ಯಾಯ ಇನ್ನೂ ಹೆಚ್ಚಿನದು. ‘ತತ್ತ್ವಸಂಖ್ಯಾನ’ದಲ್ಲಿ ತತ್ತ್ವವು ಸ್ವತಂತ್ರ, ಅಸ್ವತಂತ್ರವೆಂದು ಎರಡು ಬಗೆ. ಸ್ವತಂತ್ರನು ವಿಷ್ಣುವೊಬ್ಬನೇ, ಉಳಿದುದೆಲ್ಲವೂ ಅವನ ಅಧೀನ. 3ನೆಯ ಶತಮಾನದ ಮಾನಿಯು ಹೇಳಿದ ಬೆಳಕು ಕತ್ತಲೆಗಳಂತೆ ಸ್ವಯಂಸಿದ್ಧವಾದ ಎರಡು ಮೂಲಗಳಿಗೆ ಇಲ್ಲಿ ಎಡೆಯೇ ಇಲ್ಲ. ಪಂಚಭೇದವನ್ನು ಎಣಿಸಹೊರಟರಂತೂ ‘ಎರಡು’ ಎಂಬ ಸಂಖ್ಯೆಯೇ ನಿಲ್ಲದು. ನಿಜವಾದ ಅರ್ಥದಲ್ಲಿ ದ್ರವ್ಯವೆನಿಸುವವನು ದೇವರೊಬ್ಬನೇ ಎಂದು 1644ರಲ್ಲಿ ಬರೆದ ಡೇಕಾರ್ಟನು, ವಿಚಿತ್ರವೆನ್ನಿಸಿದರೂ, ಈ ಒಂದಂಶದಲ್ಲಿ ಮಾನಿಗಿಂತ ಮಧ್ವರಿಗೇ ಹತ್ತಿರ. ಸಾಮ್ಯವು ಅಷ್ಟಕ್ಕೇ ಮುಗಿಯಿತು. ಡೇಕಾರ್ಟನಿಗೆ ಪರಾಧೀನವಾದುದು ದೇವರಿಂದ ಸೃಷ್ಟವಾದುದು. ಮಧ್ವರಲ್ಲಿ ಜೀವರೂ ಮೂಲಪ್ರಕೃತಿಯೂ ಅನಾದಿ, ಆದರೂ ಪರಾಧೀನ. ‘ಡ್ಯೂಯಲಿಸಂ’ ಎಂಬ ಅನುವಾದದಲ್ಲಿ ಕಾಣದೆ ಹೋಗುವುದು ಅನಾದಿಯಾದ ಈ ಪಾರತಂತ್ರ್ಯವೇ.