ಮಾತಿಲ್ಲದ ಮುಖವನ್ನು ನೋಡುವ ಬಗೆ

ಮುಂಬೈಯ ದಾದರ್ ಸ್ಟೇಷನ್ನಿನ ಪೂರ್ವಕ್ಕೆ ದಾದಾಸಾಹೇಬ್ ಫಾಲ್ಕೆ ರಸ್ತೆಯಿದೆ. 1912ರಲ್ಲಿ ಇಲ್ಲಿನ ಬಂಗಲೆಯೊಂದರಲ್ಲಿ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ಮೂಕಿಚಿತ್ರ ತೆಗೆಯಲು ಹೊರಟಾಗ ರಾಣಿ ತಾರಾಮತಿಯಾಗಲು ಒಬ್ಬ ಹೆಂಗಸೂ ಒಪ್ಪಲಿಲ್ಲ. ಹೋಟೆಲ್ ಕೆಲಸದಲ್ಲಿದ್ದ ಅಣ್ಣಾ ಸಾಳುಂಕೆ ಸೀರೆ ಉಟ್ಟರು. ಯಕ್ಷಗಾನದ ಸ್ತ್ರೀವೇಷ ಕಂಡ ನಮಗೆ ಅದು ಹೊಸತಲ್ಲ. ಆದರೆ ರಂಗಸ್ಥಳದಲ್ಲಿ ವೇಷವನ್ನು ಭಾಗವತರ ಪದ ಎತ್ತಿಹಿಡಿಯುತ್ತದೆ. ಮೂಕಿಯಲ್ಲಿ ಆ ಆಸರೆಯೂ ಇಲ್ಲ.

1913ರ ‘ಮೋಹಿನಿ ಭಸ್ಮಾಸುರ’ಕ್ಕೆ ನಾಟಕದ ದುರ್ಗಾಬಾಯಿ ಕಾಮತ್ ಪಾರ್ವತಿಯಾಗಿ ಬಂದರು, ಹದಿಹರೆಯದ ಮಗಳು ಕಮಲಾಬಾಯಿ ಮೋಹಿನಿಯಾಗಿ. ಮೂಕಿಗೆ ಇದಕ್ಕಿಂತ ಒಪ್ಪುವ ಕಥೆ ನನಗೆ ತೋಚದು. ಮೋಹಿನಿ ಕೈ ಆಡಿಸಿದಂತೆ ರಾಕ್ಷಸನೂ ಆಡಿಸಬೇಕು, ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈಯಿಡಬೇಕು. ಮಾತಿಗೆ ಅಲ್ಲಿ ಕೆಲಸವೇ ಇಲ್ಲ. ಆ ಚಿತ್ರ ನಮಗೆ ಉಳಿದಿಲ್ಲ ಎನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ.

ಹಾಗಾಗಿ ‘ಕಾಲಿಯ ಮರ್ದನ’ದಿಂದ (1919) ಶುರುಮಾಡಿ. ಕೃಷ್ಣನಾಗಿರುವವಳು ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ. ಕಥೆಗೆ ಮೊದಲೇ ಫಾಲ್ಕೆ ಅವಳ ಮುಖವೊಂದನ್ನೇ ತೋರಿಸುತ್ತಾರೆ. ಅದರ ಮೇಲೆ ಭಾವಗಳು ಒಂದೊಂದಾಗಿ ಹಾಯುತ್ತವೆ. ಆ ತುಣುಕನ್ನು ಮೂರು ಸಲ ನೋಡಿ. ಒಮ್ಮೆ ಕಣ್ಣು, ಒಮ್ಮೆ ಬಾಯಿ, ಮೂರನೆಯ ಸಲ ಒಂದು ಭಾವ ಇಳಿದು ಇನ್ನೊಂದು ಏರುವ ಮೊದಲಿನ ಆ ಖಾಲಿ ಕ್ಷಣ. ನಟನೆಯ ರುಚಿ ಸಿಗುವುದು ಅಲ್ಲೇ.

ನಟಿ ಗೊಂಬೆಯಂತೆ ಪಟಪಟನೆ ಓಡಾಡಿದರೆ ನಗಬೇಡಿ, ತಪ್ಪು ಅವಳದಲ್ಲ. ಆಗ ಕ್ಯಾಮರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ ಸುಮಾರು 16 ಚೌಕಟ್ಟು. ಈಗಿನ 24ರಲ್ಲಿ ಓಡಿಸಿದರೆ ಎಲ್ಲರೂ ಅವಸರದವರೇ. ಪ್ಲೇಯರಿನ ವೇಗವನ್ನು ಸುಮಾರು ಮೂರರಲ್ಲಿ ಎರಡು ಪಾಲಿಗೆ ಇಳಿಸಿ, ನಡಿಗೆಗೆ ಗಾಂಭೀರ್ಯ ಮರಳುತ್ತದೆ. ಆಗಿನ ಫಿಲ್ಮಿಗೆ ಕೆಂಪು ತಿಳಿಯುತ್ತಿರಲಿಲ್ಲ. ಕುಂಕುಮ, ತುಟಿ ಎಲ್ಲವೂ ಕಪ್ಪಾಗಿ ಮೂಡುತ್ತಿದ್ದವು. ಬಣ್ಣ ಅತಿಯಾಯಿತು ಎನ್ನುವ ಮೊದಲು ಇದು ನೆನಪಿರಲಿ.

ಮುಂದೆ ‘ಶಿರಾಜ್’ (1928) ನೋಡಿ. ಅದರ ಏಣಾಕ್ಷಿ ರಾಮರಾವ್ ಮೈಸೂರು ಸೀಮೆಯಲ್ಲಿ ತೆಗೆದ ಮೂಕಿ ‘ವಸಂತಸೇನೆ’ಯಲ್ಲೂ ಇದ್ದರು, ನಮ್ಮ ಕೈಲಾಸಂ ಜೊತೆ. ‘ಶಿರಾಜ್’ನ ಪ್ರತಿಯನ್ನು ಚೆನ್ನಾಗಿ ಸರಿಪಡಿಸಿದ್ದಾರೆ, ಮುಖದ ಸಣ್ಣ ಕದಲಿಕೆಯೂ ಕಾಣುತ್ತದೆ.

‘ಗುಣಸುಂದರಿ’ಯ (1927) ನಟಿ ಗೋಹರ್ 1929ರಲ್ಲಿ ನಿರ್ದೇಶಕ ಚಂದೂಲಾಲ್ ಶಾ ಜೊತೆ ಕಟ್ಟಿದ ರಂಜಿತ್ ಸ್ಟುಡಿಯೊ ಇದ್ದದ್ದೂ ಈ ದಾದರಿನಲ್ಲೇ. ಆದರೆ ನೋಡಲು ಸಿಗುವುದು ಕೆಲವೇ, ಮೂಕಿಯುಗದ ಸಾವಿರಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಕಳೆದುಹೋಗಿವೆ.

ಕಮಲಾಬಾಯಿ ಮಾತ್ರ ತೊಂಬತ್ತು ದಾಟಿ ಬದುಕಿದರು, ಗೋಖಲೆ ಮನೆತನದ ಸೊಸೆಯಾಗಿ, ನಟ ವಿಕ್ರಮ್ ಗೋಖಲೆಯವರ ಅಜ್ಜಿಯಾಗಿ. ಅವರ ಮುಪ್ಪಿನಲ್ಲಿ ರೀನಾ ಮೋಹನ್ ‘ಕಮಲಾಬಾಯಿ’ ಎಂಬ ಸಾಕ್ಷ್ಯಚಿತ್ರ ತೆಗೆದರು. ಅಜ್ಜಿಯ ಮಾತು ಸೊಗಸು, ಅದನ್ನು ಆಮೇಲೆ ಕೇಳಿ. ಮೊದಲ ಸಲ ಧ್ವನಿ ನಿಲ್ಲಿಸಿ ಅವರ ಕೈಗಳನ್ನಷ್ಟೇ ನೋಡಿ.