ಒಂದೇ ಹಾಡು, ಹಲವು ಕಂಠ: ಬ್ಲೂಸ್ ಕೇಳುಗರಿಗೊಂದು ಕೈಪಿಡಿ

ಬ್ಲೂಸ್ ಸಂಗೀತಕ್ಕೆ ಹೊಸಬರಾದವರನ್ನು ಇಂದು ಕಾಡುವುದು ಕೊರತೆಯಲ್ಲ, ರಾಶಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಜಾನ್ ಲೋಮ್ಯಾಕ್ಸ್ ದಂಪತಿ 1939ರಲ್ಲಿ ದಕ್ಷಿಣದ ರಾಜ್ಯಗಳನ್ನು ಸುತ್ತಿ ಮುದ್ರಿಸಿಕೊಂಡು ಬಂದ ಹಾಡುಗಳನ್ನು ಉಚಿತವಾಗಿ ಕೇಳಿಸುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ 78 ಆರ್‌ಪಿಎಂ ತಟ್ಟೆಗಳ ದೊಡ್ಡ ಸಂಗ್ರಹವಿದೆ. ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರಲ್ಲಿ ಪ್ರಕಟಿಸಿದ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’, ಗುಲಾಮಗಿರಿಯನ್ನು ಕಂಡುಂಡ ಮುದುಕ ಮುದುಕಿಯರು 1930ರ ದಶಕದಲ್ಲಿ ಹೇಳಿಕೊಂಡ ನೆನಪುಗಳ ಸಂಪುಟಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಇ-ಪುಸ್ತಕಗಳಾಗಿ ಸಿಗುತ್ತವೆ. ಇಷ್ಟನ್ನೂ ಇಳಿಸಿಕೊಂಡವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ, ದೊಡ್ಡ ಹೆಸರುಗಳ ಪಟ್ಟಿ ಹಿಡಿದು ಒಬ್ಬೊಬ್ಬ ಗಾಯಕರನ್ನೇ ಕೇಳುತ್ತಾ ಹೋಗುವುದು. ಅದು ದಾರಿ ತಪ್ಪಿಸುವ ಕ್ರಮವೆಂದು ನನ್ನ ವಾದ. ಸಂಗ್ರಹವನ್ನು ಗಾಯಕರ ಹೆಸರಿನ ಪ್ರಕಾರ ಜೋಡಿಸುವ ಬದಲು ಹಾಡಿನ ಪ್ರಕಾರ ಜೋಡಿಸಿ. ಪ್ರತಿ ಹಾಡಿನ ಪಕ್ಕದಲ್ಲಿ ಅದು ಮುದ್ರಣಗೊಂಡ ದಿನಾಂಕವನ್ನೂ ಆ ಕಾಲದ ಬಗ್ಗೆ ಹೇಳುವ ಒಂದು ಪುಸ್ತಕವನ್ನೂ ಇಡಿ. ಹೀಗೆ ಕೇಳಿದರೆ ಮಾತ್ರ ಬ್ಲೂಸ್‌ನ ಕುಶಲತೆ ಕಿವಿಗೆ ಸಿಗುತ್ತದೆ.

ಕಾರಣ ಅದರ ರಚನೆಯಲ್ಲೇ ಇದೆ. ಬ್ಲೂಸ್‌ನ ಅತಿ ಹೆಚ್ಚು ಬಳಕೆಯ ಚೌಕಟ್ಟು ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಬಾರ್‌ಗಳದ್ದು. ಅದರಲ್ಲಿ ಮೂರು ಸಾಲು. ಮೊದಲ ಸಾಲನ್ನು ಎರಡನೆಯ ಸಲ ಹೆಚ್ಚುಕಡಿಮೆ ಹಾಗೆಯೇ ಹಾಡುತ್ತಾರೆ, ಮೂರನೆಯದು ಅದಕ್ಕೆ ಉತ್ತರ ಕೊಡುತ್ತದೆ. ಪ್ರತಿ ಸಾಲಿಗೆ ನಾಲ್ಕು ಬಾರ್‌ಗಳಿದ್ದರೂ ಕಂಠ ಅವುಗಳಲ್ಲಿ ಸುಮಾರು ಅರ್ಧವನ್ನಷ್ಟೇ ತುಂಬುತ್ತದೆ. ಉಳಿದ ಜಾಗ ಗಿಟಾರಿನದೋ ಪಿಯಾನೋದ್ದೋ ಮರುನುಡಿಗೆ ಮೀಸಲು. ಕರ್ನಾಟಕ ಸಂಗೀತದ ಕೇಳುಗರಿಗೆ ಸಾಲಿನ ಪುನರಾವರ್ತನೆ ಹೊಸದೇನಲ್ಲ, ಸಂಗತಿಗಳನ್ನು ಕೇಳಿಯೇ ಕಿವಿ ಪಳಗಿರುತ್ತದೆ. ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಸಂಗತಿಯಲ್ಲಿ ಶ್ರುತಿ ಅಚಲ, ಸಾಲು ಬೆಳೆಯುತ್ತದೆ. ಬ್ಲೂಸ್‌ನಲ್ಲಿ ಸಾಲು ಅದೇ ಇದ್ದು ಅದರ ಕೆಳಗಿನ ನೆಲ ಸರಿಯುತ್ತದೆ: ಮೊದಲ ಸಾಲು ಷಡ್ಜದ ಮೇಲೆ ಕಟ್ಟಿದ ಕಾರ್ಡ್‌ನಲ್ಲಿ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛದಲ್ಲಿ, ನಿಂತಿದ್ದರೆ, ಎರಡನೆಯದರ ಹೊತ್ತಿಗೆ ವಾದ್ಯ ಮಧ್ಯಮದ ಕಾರ್ಡ್‌ಗೆ ಹೋಗಿರುತ್ತದೆ, ಮೂರನೆಯದು ಪಂಚಮದಿಂದ ಇಳಿದು ಮನೆ ಸೇರುತ್ತದೆ. ಅವೇ ಪದಗಳು ಎರಡನೆಯ ಸಲ ಬೇರೆ ಬಣ್ಣದಲ್ಲಿ ಕೇಳಿಸುವುದು ಇದರಿಂದ. ಇನ್ನು ಗಾಂಧಾರ. ಅದು ಸಾಧಾರಣವೂ ಅಲ್ಲದೆ ಅಂತರವೂ ಅಲ್ಲದೆ ಎರಡರ ನಡುವೆ ಓಲಾಡುತ್ತದೆ. ಪಿಯಾನೋದ ಮನೆಗಳಲ್ಲಿ ಸಿಗದ ಆ ಸ್ಥಾನವನ್ನು ಕಂಠವೂ, ಲೋಹದ ಇಲ್ಲವೇ ಗಾಜಿನ ಕೊಳವೆಯನ್ನು ತಂತಿಯ ಮೇಲೆ ಜಾರಿಸುವ ಗಿಟಾರೂ ಸಲೀಸಾಗಿ ಮುಟ್ಟುತ್ತವೆ. ಗಮಕಕ್ಕೆ ಒಗ್ಗಿದ ಕಿವಿಗೆ ಇದು ಬೇಗ ಹಿಡಿಸುತ್ತದೆ.

ಮೊದಲಿಗೆ ಕೇಳಬೇಕಾದದ್ದು ಬೆಸ್ಸಿ ಸ್ಮಿತ್ 1925ರ ಜನವರಿ 14ರಂದು ನ್ಯೂಯಾರ್ಕ್‌ನಲ್ಲಿ ಹಾಡಿದ ‘ಸೇಂಟ್ ಲೂಯಿಸ್ ಬ್ಲೂಸ್’. ಡಬ್ಲ್ಯು. ಸಿ. ಹ್ಯಾಂಡಿ 1914ರಲ್ಲಿ ಪ್ರಕಟಿಸಿದ ರಚನೆ ಅದು. ಮೈಕ್ರೋಫೋನ್ ಬಳಕೆಗೆ ಬರುವ ಹೊಸ್ತಿಲಲ್ಲಿ, ಇನ್ನೂ ಧ್ವನಿ ಹಿಡಿಯುವ ಕೊಂಬಿನ ಮುಂದೆ ನಿಂತು ಹಾಡಿದ್ದು. ಜೊತೆಗಿರುವವರು ಇಬ್ಬರೇ: ಫ್ರೆಡ್ ಲಾಂಗ್‌ಷಾ ಅವರ ಹಾರ್ಮೋನಿಯಂ, ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕಾರ್ನೆಟ್. ಬೆಸ್ಸಿ ಸಾಲು ಮುಗಿಸಿದಲ್ಲೆಲ್ಲ ಆರ್ಮ್‌ಸ್ಟ್ರಾಂಗ್ ಮರುನುಡಿಯುತ್ತಾರೆ. ಮೊದಲ ಸಲ ಕಂಠವನ್ನು ಮಾತ್ರ ಹಿಂಬಾಲಿಸಿ, ಎರಡನೆಯ ಸಲ ಕಾರ್ನೆಟ್ಟನ್ನು ಮಾತ್ರ. ಬ್ಲೂಸ್ ಇಬ್ಬರ ಸಂಭಾಷಣೆ ಎಂಬುದು ಮೂರು ನಿಮಿಷದಲ್ಲಿ ತಿಳಿಯುತ್ತದೆ. ಆಮೇಲೆ ಹಾಡಿನ ಸರಪಳಿಗೆ ಬನ್ನಿ. ಮಿಸಿಸಿಪಿ ಶೀಕ್ಸ್ ತಂಡ 1930ರಲ್ಲಿ ಪಿಟೀಲು, ಗಿಟಾರುಗಳೊಂದಿಗೆ ‘ಸಿಟಿಂಗ್ ಆನ್ ಟಾಪ್ ಆಫ್ ದಿ ವರ್ಲ್ಡ್’ ಹಾಡಿತು. ನಡೆ ಹಗುರ, ಕುಣಿತಕ್ಕೆ ಹೊಂದುವಂಥದ್ದು. ಅದೇ ಧಾಟಿಯನ್ನು ರಾಬರ್ಟ್ ಜಾನ್ಸನ್ 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ‘ಕಮ್ ಆನ್ ಇನ್ ಮೈ ಕಿಚನ್’ ಮಾಡಿದಾಗ ಗುನುಗು, ಜಾರುವ ತಂತಿ, ಕರೆಯುವ ಮೆಲುದನಿ ಬಂದವು. 1957ರಲ್ಲಿ ಶಿಕಾಗೋದ ಹೌಲಿನ್ ವುಲ್ಫ್ ಮೂಲದ ಪದಗಳಿಗೇ ಮರಳಿ, ವಿದ್ಯುತ್ ಗಿಟಾರಿನ ಮುಂದೆ ತಮ್ಮ ಒರಟು ಕಂಠದಲ್ಲಿ ಅದನ್ನು ಭಾರವಾಗಿಸಿದರು. ಒಬ್ಬೊಬ್ಬರ ಐವತ್ತು ಹಾಡು ಬೇರೆ ಬೇರೆಯಾಗಿ ಕೇಳಿದರೂ ದೊರಕದ ತಿಳಿವಳಿಕೆ ಈ ಮೂರನ್ನು ಒಟ್ಟಿಗೆ ಕೇಳಿದರೆ ದೊರಕುತ್ತದೆ: ಹೊಸತನ ಇರುವುದು ಧಾಟಿಯಲ್ಲಲ್ಲ, ಸಾಲು ಎಲ್ಲಿ ನಿಲ್ಲುತ್ತದೆ, ಎಲ್ಲಿ ತಡವಾಗುತ್ತದೆ, ವಾದ್ಯಕ್ಕೆ ಏನನ್ನು ಬಿಟ್ಟುಕೊಡುತ್ತದೆ ಎಂಬುದರಲ್ಲಿ.

‘ಎಲ್ಲವೂ ಒಂದೇ ಥರ ಕೇಳಿಸುತ್ತದೆ’ ಎಂಬ ದೂರಿಗೆ ಇದೇ ಉತ್ತರ. ಚೌಕಟ್ಟು ಬದಲಾಗದೆ ಇರುವುದರಿಂದಲೇ ಒಳಗಿನ ಸಣ್ಣ ಬದಲಾವಣೆ ಎದ್ದು ಕಾಣುತ್ತದೆ. ‘ಸದ್ದೇ ಹೆಚ್ಚು’ ಎಂಬ ಎರಡನೆಯ ದೂರಿನಲ್ಲಿ ಸತ್ಯವಿದೆ. ಚಾರ್ಲಿ ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್ ಅವರನ್ನು ಮುದ್ರಿಸಿದ ಪ್ಯಾರಾಮೌಂಟ್, ವಿಸ್ಕಾನ್ಸಿನ್‌ನ ಕುರ್ಚಿ ತಯಾರಿಸುವ ಕಂಪನಿಯೊಂದರ ಅಂಗ. ಅದರ ತಟ್ಟೆಗಳು ಅಗ್ಗದವು, ಮೂಲ ಅಚ್ಚುಗಳು ಉಳಿದಿಲ್ಲ, ನಮಗೆ ಬಂದಿರುವುದು ಸವೆದ ಪ್ರತಿಗಳ ನಕಲು. ಆದರೂ ಸದ್ದನ್ನು ಪೂರ್ತಿ ತೊಡೆದ ಆವೃತ್ತಿಗಳ ಬದಲು ಸ್ವಲ್ಪ ಚರಪರ ಉಳಿಸಿಕೊಂಡವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಸದ್ದಿನ ಜೊತೆಗೆ ಕಂಠದ ಅಂಚು, ತಂತಿಯ ಝೇಂಕಾರವೂ ಕಡಿದುಹೋಗುತ್ತವೆ. ಸದ್ದಿಗಾದರೋ ಕಿವಿ ಬೇಗ ಒಗ್ಗಿಕೊಳ್ಳುತ್ತದೆ. ‘ಆ ಇಂಗ್ಲಿಷ್ ಅರ್ಥವಾಗುವುದಿಲ್ಲ’ ಎನ್ನುವವರು ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಡಲ್ಲಾಸ್‌ನಲ್ಲಿ ಮುದ್ರಿಸಿದ ‘ಡಾರ್ಕ್ ವಾಸ್ ದಿ ನೈಟ್, ಕೋಲ್ಡ್ ವಾಸ್ ದಿ ಗ್ರೌಂಡ್’ ಕೇಳಲಿ. ಕಟ್ಟುನಿಟ್ಟಾಗಿ ಹೇಳಿದರೆ ಅದು ಬ್ಲೂಸ್ ಅಲ್ಲ, ಭಕ್ತಿಗಾಯಕರೊಬ್ಬರ ಗುನುಗು. ಪದಗಳೇ ಇಲ್ಲ, ಕಂಠ ಮತ್ತು ಜಾರುವ ತಂತಿ ಒಂದನ್ನೊಂದು ಅರಸುತ್ತವೆ. 1977ರಲ್ಲಿ ವಾಯೇಜರ್ ನೌಕೆಗಳು ಹೊತ್ತೊಯ್ದ ಚಿನ್ನದ ತಟ್ಟೆಯಲ್ಲಿ ಈ ಮುದ್ರಣವಿದೆ.

ಹಾಗಾದರೆ ಪುಸ್ತಕ ಏಕೆ, ಸಂಗೀತ ತಾನೇ ಮಾತಾಡಬೇಕಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ಬೆಸ್ಸಿ ಸ್ಮಿತ್ ಅವರ ‘ಬ್ಯಾಕ್‌ವಾಟರ್ ಬ್ಲೂಸ್’ ಇದಕ್ಕೆ ಒಳ್ಳೆಯ ಪರೀಕ್ಷೆ. ಮನೆ ಕಳೆದುಕೊಂಡ ಹೆಂಗಸಿನ ಹಾಡು ಅದು. 1927ರ ಮಿಸಿಸಿಪಿ ಮಹಾಪ್ರವಾಹಕ್ಕೆ ಮಿಡಿದ ಹಾಡೆಂದು ದೀರ್ಘಕಾಲ ನಂಬಲಾಗಿತ್ತು, ಆ ವರ್ಷ ಕೊಂಡವರೂ ಹಾಗೆಯೇ ಕೇಳಿಸಿಕೊಂಡರು. ಆದರೆ ಮುದ್ರಣದ ದಿನಾಂಕ 1927ರ ಫೆಬ್ರವರಿ 17. ಆ ಮಹಾಪ್ರವಾಹದಲ್ಲಿ ಮೌಂಡ್ಸ್ ಲ್ಯಾಂಡಿಂಗ್‌ನಲ್ಲಿ ನದಿಯ ಒಡ್ಡು ಒಡೆದದ್ದು ಏಪ್ರಿಲ್ 21ರಂದು. ವಿದ್ವಾಂಸ ಡೇವಿಡ್ ಇವಾನ್ಸ್ ಈ ಹಾಡನ್ನು 1926ರ ಕ್ರಿಸ್ಮಸ್ ವೇಳೆ ನ್ಯಾಶ್‌ವಿಲ್‌ನಲ್ಲಿ ಕಂಬರ್ಲ್ಯಾಂಡ್ ನದಿ ಉಕ್ಕಿದ ಘಟನೆಗೆ ಜೋಡಿಸಿ ತೋರಿಸಿದರು. ಇದರಿಂದ ಹಾಡಿನ ಬೆಲೆ ಕುಗ್ಗುವುದಿಲ್ಲ. ಒಂದು ಊರಿನ ನೆರೆಗೆ ಕಟ್ಟಿದ ಪದ ಎರಡೇ ತಿಂಗಳಲ್ಲಿ ಇಡೀ ಕಣಿವೆಯ ದುಃಖಕ್ಕೆ ಒದಗಿಬಂತು ಎಂದು ತಿಳಿದಾಗ, ವೈಯಕ್ತಿಕವಾಗಿ ಕೇಳಿಸುವ ‘ನಾನು’ ಎಷ್ಟು ಜನರದ್ದು ಎಂಬುದು ಹೊಳೆಯುತ್ತದೆ. ತಟ್ಟೆಯೊಂದರಿಂದಲೇ ಇದು ತಿಳಿಯುವಂತಿರಲಿಲ್ಲ.

ಪುಸ್ತಕದ ಇನ್ನೊಂದು ಕೆಲಸ, ತಟ್ಟೆಗಳು ಬಿಟ್ಟುಬಿಟ್ಟದ್ದನ್ನು ಹೇಳುವುದು. 1920ರ ಆಗಸ್ಟಿನಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಭರ್ಜರಿಯಾಗಿ ಮಾರಾಟವಾದ ಮೇಲೆ ಕಂಪನಿಗಳು ಕಪ್ಪು ಗ್ರಾಹಕರಿಗೆಂದೇ ಪ್ರತ್ಯೇಕ ಸರಣಿಗಳನ್ನು ತೆರೆದವು. ಕಪ್ಪು ಗಾಯಕರಿಂದ ಬ್ಲೂಸ್ ಬೇಕೆಂದವು. ಅವರು ಊರಿನಲ್ಲಿ ನುಡಿಸುತ್ತಿದ್ದ ಉಳಿದದ್ದಕ್ಕೆ ತಟ್ಟೆಯಲ್ಲಿ ಜಾಗ ಸಿಕ್ಕಿದ್ದು ಕಡಿಮೆ. 1941ರಲ್ಲಿ ಅಲನ್ ಲೋಮ್ಯಾಕ್ಸ್, ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಇಬ್ಬರೂ ಸ್ಟೋವಾಲ್ ತೋಟದಲ್ಲಿ ಮಡ್ಡಿ ವಾಟರ್ಸ್ ಅವರನ್ನು ಮುದ್ರಿಸಿದರು. ಅವರಿಬ್ಬರ ಆ ಅಧ್ಯಯನದ ಟಿಪ್ಪಣಿಗಳಲ್ಲಿ ಮಡ್ಡಿ ವಾಟರ್ಸ್ ಹಾಡುತ್ತಿದ್ದ ಜೀನ್ ಆಟ್ರಿಯ ಕೌಬಾಯ್ ಸಿನಿಮಾ ಹಾಡುಗಳೂ ಇವೆ. ಎಲೈಜಾ ವಾಲ್ಡ್ 2004ರ ‘ಎಸ್ಕೇಪಿಂಗ್ ದಿ ಡೆಲ್ಟಾ’ದಲ್ಲಿ ಈ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಅದನ್ನು ಓದಿದ ಮೇಲೆ ರಾಬರ್ಟ್ ಜಾನ್ಸನ್ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿದ ಕಥೆ ತನ್ನಷ್ಟಕ್ಕೇ ಸಡಿಲವಾಗುತ್ತದೆ. ಆ ಕಥೆ ಮೊದಲು ಅಂಟಿದ್ದು ಟಾಮಿ ಜಾನ್ಸನ್ ಎಂಬ ಬೇರೊಬ್ಬ ಗಾಯಕನಿಗೆ, ಹೇಳಿದ್ದು ಅವರ ಅಣ್ಣ. ‘ಕ್ರಾಸ್ ರೋಡ್ ಬ್ಲೂಸ್’ನಲ್ಲಿ ಅಂಥ ಒಪ್ಪಂದದ ಸುಳಿವೇ ಇಲ್ಲ; ಕತ್ತಲಾಗುತ್ತಿರುವಾಗ ದಾರಿಯಲ್ಲಿ ಒಬ್ಬಂಟಿಯಾಗಿ ನಿಂತು ಗಾಡಿಗೆ ಕೈ ಅಡ್ಡಹಿಡಿಯುವ ಮನುಷ್ಯನ ಅಳಲು ಅದು. ಮಿಸಿಸಿಪಿಯಲ್ಲಿ 1930ರ ದಶಕದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಕತ್ತಲ ದಾರಿ ಎಷ್ಟು ಅಪಾಯಕರವಾಗಿತ್ತೆಂಬುದನ್ನು ಓದಿ ತಿಳಿದವರಿಗೆ ಯಾವ ಸೈತಾನನ ಅಗತ್ಯವೂ ಬೀಳದು. ಆ ಹಾಡಿನ ಎರಡು ಮುದ್ರಣಗಳು ಉಳಿದಿವೆ. ಅವನ್ನು ಪಕ್ಕಪಕ್ಕದಲ್ಲಿ ಕೇಳಿ.

ಬ್ಲೂಸ್ ಎಂದರೆ ಬರೀ ಶೋಕವೆಂಬ ನಂಬಿಕೆಯನ್ನು ಆಲ್ಬರ್ಟ್ ಮರ್ರಿ 1976ರ ‘ಸ್ಟಾಂಪಿಂಗ್ ದಿ ಬ್ಲೂಸ್’ನಲ್ಲಿ ಅಲುಗಿಸಿದರು: ಶನಿವಾರದ ರಾತ್ರಿ ಜನ ಕುಣಿದದ್ದು ಈ ಸಂಗೀತಕ್ಕೆ, ದುಗುಡವನ್ನು ಓಡಿಸುವುದು ಇದರ ಕೆಲಸ. ಓದಿನಿಂದ ಕೇಳುವ ಸುಖ ಕೆಡುತ್ತದೆಂಬ ಭಯವಿದ್ದರೆ ಕ್ರಮವನ್ನು ಹೀಗಿಟ್ಟುಕೊಳ್ಳಿ: ಮೊದಲು ಕೇಳಿ, ಆಮೇಲೆ ಓದಿ, ಮತ್ತೆ ಕೇಳಿ. ಸಾವಿರ ಹಾಡು ಇಳಿಸಿಕೊಳ್ಳುವ ಆತುರ ಬೇಡ, ನಾಲ್ಕೈದು ಹಾಡುಗಳ ಸರಪಳಿ ಒಂದು ವರ್ಷಕ್ಕೆ ಸಾಕು. ಅಮೆರಿಕದ 2018ರ ಕಾಯ್ದೆಯಂತೆ 1923ರಿಂದ 1946ರವರೆಗೆ ಪ್ರಕಟವಾದ ಧ್ವನಿಮುದ್ರಣಗಳು ನೂರು ವರ್ಷ ತುಂಬಿದ ಮೇಲೆ ಅಲ್ಲಿ ಸಾರ್ವಜನಿಕ ಸ್ವತ್ತಾಗುತ್ತವೆ. ಬೆಸ್ಸಿ ಸ್ಮಿತ್ 1923ರಲ್ಲಿ ಹೊರತಂದ ತಟ್ಟೆಗಳು 2024ರ ಜನವರಿ 1ರಂದು ಹಾಗಾದವು. ಪ್ರತಿ ಜನವರಿಗೂ ಇನ್ನೊಂದು ವರ್ಷದ ತಟ್ಟೆಗಳು ಸೇರುತ್ತಾ ಹೋಗುತ್ತವೆ.